ಕಾಶಿಯಾತ್ರೆಗೆ ಗಾಲ್ಫ್ ಕೋಲು

ನನ್ನ ಮದುವೆಯ ಕಾಶಿಯಾತ್ರೆಗೆ ಗಾಲ್ಫ್ ಆಟದ ಸಾಮಾನು ಆರಿಸಿ ತಂದವಳು ನಾನೇ. ಮದುಮಗಳೇ ಹೋಗಿ ತಂದಳಾ ಎಂದು ಮೂಗಿನ ಮೇಲೆ ಬೆರಳಿಡುವವರು ಇಡಲಿ. ಆಗಲೂ ಇಟ್ಟಿದ್ದರು. ಕೋಲಾರದ ನಮ್ಮ ಬೀದಿಯಲ್ಲಿ ಬೆರಳಿಡದ ಮೂಗೇ ಉಳಿದಿರಲಿಲ್ಲ. ನನಗೇನು ಹೋಯಿತು? ಆ ಒಂದು ತಿಂಗಳು ನಾನು ಕುಣಿದ ಕುಣಿತ ಅವರಿಗೆಲ್ಲಿ ಗೊತ್ತು!

ಎರಡನೇ ದೊಡ್ಡ ಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ನಮ್ಮ ಕಡೆ ಮದುವೆಯಲ್ಲಿ ಗಂಡು ಛತ್ರಿ, ಕೋಲು, ಪುಸ್ತಕ ಹಿಡಿದು, ಹೊಸ ಚಪ್ಪಲಿ ಮೆಟ್ಟಿ, ಸಂಸಾರವೇ ಬೇಡ ಕಾಶಿಗೆ ಹೋಗುತ್ತೇನೆ ಎಂದು ಬೀದಿಗೆ ಇಳಿಯುವುದು ಶಾಸ್ತ್ರ. ಹೆಣ್ಣಿನ ಅಪ್ಪ ಓಡಿ ಹೋಗಿ ತಡೆದು, 'ಬೇಡಪ್ಪ, ನನ್ನ ಮಗಳನ್ನು ಕೊಡುತ್ತೇನೆ, ಮದುವೆ ಮಾಡಿಕೊಂಡು ಆಮೇಲೆ ದಂಪತಿಗಳಾಗಿ ಹೋಗಿಬನ್ನಿ' ಎಂದು ಬೇಡಿಕೊಳ್ಳಬೇಕು. ಗಂಡು ದೊಡ್ಡ ಮನಸ್ಸು ಮಾಡಿ ಹಿಂದಿರುಗುತ್ತಾನೆ. ಆ ಸಾಮಾನೆಲ್ಲ ಹೆಣ್ಣಿನ ಕಡೆಯವರದೇ ಖರ್ಚು. ಬೆಳ್ಳಿ ಹಿಡಿಯ ಕೋಲು ಕೊಟ್ಟವರ ಹೆಸರು ಸುತ್ತ ಹತ್ತೂರಿಗೆ ಗೊತ್ತಾಗುತ್ತಿತ್ತು.

ನನಗೆ ಗೊತ್ತಾದ ಗಂಡು ಶ್ರೀನಿವಾಸಪುರದವರು. ಚಿನ್ನದ ಗಣಿಯ ಆಫೀಸಿನಲ್ಲಿ ನಕ್ಷೆ ಬರೆಯುವ ಕೆಲಸ. ಗಣಿಯ ಸಾಹೇಬರ ಗಾಲ್ಫ್ ಮೈದಾನಕ್ಕೂ ಇವರೇ ನಕ್ಷೆ ಬರೆದುಕೊಟ್ಟಿದ್ದರಂತೆ. ಅದರ ಉಪಕಾರಕ್ಕೆ, ಒಬ್ಬ ಸಾಹೇಬನೂ ಹೊರಗೆ ತಲೆಹಾಕದ ಉರಿಬಿಸಿಲಿನ ಹೊತ್ತಿನಲ್ಲಿ ಆಡಿಕೊಳ್ಳಲು ಬಿಡುತ್ತಿದ್ದರು. ಅಷ್ಟು ಸಾಕಾಯಿತು, ಹುಚ್ಚು ಹಿಡಿಯಿತು. ಆ ಮೈದಾನದಲ್ಲಿ ಹುಲ್ಲು ಎಂಬುದು ಹೆಸರಿಗೂ ಇರಲಿಲ್ಲ. ಕಲ್ಲು, ಕೆಮ್ಮಣ್ಣು, ಮುಳ್ಳು. ಚೆಂಡು ಬೀಳಬೇಕಾದ ಗುಳಿಯ ಸುತ್ತ ಮರಳಿಗೆ ಸುಟ್ಟ ಎಣ್ಣೆ ಬೆರೆಸಿ, ಹಲಗೆಯಲ್ಲಿ ಎಳೆದು ನುಣ್ಣಗೆ ಮಾಡಿರುತ್ತಿದ್ದರು. ಅಲ್ಲಿ ಕಲಿತವರಿಗೆ ಮರಳುಗಾಡೇನು ಹೊಸದೇ? ಪರ್ಶಿಯಾದ ಕಡೆ ಎಣ್ಣೆ ಬಾವಿಗಳಲ್ಲಿ ಕೆಲಸ ಸಿಕ್ಕಿದಾಗ ಅವರು ಸಂಬಳ ಎಷ್ಟು ಎಂದು ಕೇಳುವುದಕ್ಕೆ ಮುಂಚೆ ಅಲ್ಲಿ ಗಾಲ್ಫ್ ಇದೆಯಾ ಎಂದು ಕೇಳಿದ್ದರಂತೆ. ಇದೆ, ಮರಳಿನಲ್ಲೇ ಆಡುತ್ತಾರೆ ಎಂದು ಉತ್ತರ ಬಂದಿತ್ತು. ಹೆಂಡತಿಯನ್ನು ಕರೆತಂದರೆ ಮನೆಯನ್ನೂ ಕೊಡುತ್ತಾರೆ ಎಂದೂ ಬಂದಿತ್ತು.

ಲಗ್ನಪತ್ರಿಕೆಯ ದಿನ ಅವರು ನಮ್ಮ ಅಜ್ಜಿಯ ಹತ್ತಿರ ಮೆಲ್ಲಗೆ ಹೇಳಿದರು. 'ಅಜ್ಜೀ, ಕಾಶಿಯಾತ್ರೆಗೆ ಬೆಳ್ಳಿ ಕೋಲು ಗೀಲು ಬೇಡ. ನಾನೇನು ನಿಜವಾಗಿ ಕಾಶಿಗೆ ಹೋಗ್ತೀನಾ? ಹೋಗೋದು ಮರಳುಗಾಡಿಗೆ. ಅಲ್ಲಿ ಆಡೋಕೆ ಬೇಕಾದ ಸಾಮಾನು ಕೊಡ್ಸಿ. ಮರಳಲ್ಲಿ ಆಡೋದು ಹೆಂಗೆ ಅಂತ ಒಂದು ಪುಸ್ತಕ ಸಿಕ್ಕಿದ್ರೆ ಇನ್ನೂ ಒಳ್ಳೇದು.'

ಬಾಗಿಲ ಸಂದಿಯಲ್ಲಿ ನಿಂತಿದ್ದ ನನಗೆ ನಗು ತಡೆಯಲಾಗಲಿಲ್ಲ. ಈ ಮನುಷ್ಯ ಪರವಾಗಿಲ್ಲ ಎಂದು ನನಗೆ ಅನ್ನಿಸಿದ್ದು ಆಗಲೇ.

ಆದರೆ ಅದೇ ದಿನ ಅಪ್ಪ ಎಲ್ಲರೆದುರು ಇನ್ನೊಂದು ಮಾತು ಹೇಳಿಬಿಟ್ಟಿದ್ದರು. 'ಮದುವೆ ಮಾಡ್ಕೊಡ್ತೀನಿ. ಆದ್ರೆ ಹುಡುಗ ಅಲ್ಲಿನ ಕೆಲಸ ಮುಗಿಸ್ಕೊಂಡು ವಾಪಸ್ ಬರೋವರ್ಗೂ ನನ್ನ ಮಗಳು ನನ್ನ ಮನೇಲೇ ಇರ್ತಾಳೆ. ಇದಕ್ಕೆ ಒಪ್ಪಿಗೆ ಆದ್ರೆ ತಾಂಬೂಲ.' ಗಂಡಿನ ಅಮ್ಮ, 'ಅದಕ್ಕೇನಂತೆ, ಇರ್ಲಿ ಬಿಡಿ, ಎಳೇ ಹುಡುಗಿ' ಎಂದರು. ಗಂಡು ಏನೋ ಹೇಳಲು ಬಾಯಿ ತೆರೆದರು, ಅವರಮ್ಮ ಒಂದು ಸಲ ನೋಡಿದರು, ಬಾಯಿ ಮುಚ್ಚಿತು. ನನ್ನನ್ನು ಯಾರೂ ಕೇಳಲಿಲ್ಲ. ಮನೆಯ ಎಮ್ಮೆಯನ್ನು ಮಾರುವಾಗಲಾದರೂ ಅದರ ಮುಖ ಒಂದು ಸಲ ನೋಡುತ್ತಾರೆ!

ಸಂಜೆ ಅಪ್ಪನ ಮುಂದೆ ಹೋಗಿ ನಿಂತೆ.

'ಅಪ್ಪಾ, ನಾನೂ ಹೋಗ್ತೀನಿ.'

'ಎಲ್ಲಿಗೆ?'

'ಅವರ ಜೊತೆ. ಮರಳುಗಾಡಿಗೆ.'

'ಅದು ಹೆಂಗಸರು ಇರೋ ಜಾಗ ಅಲ್ಲ ಕಣೇ.'

'ನೀವು ನೋಡಿದ್ದೀರಾ?'

ಅಪ್ಪ ಅಂಚೆ ಕಚೇರಿಯಲ್ಲಿ ಪೋಸ್ಟ್ ಮಾಸ್ಟರ್ ಆಗಿದ್ದವರು. ಕನ್ನಡಕ ತೆಗೆದು ಒರೆಸುತ್ತಾ ಹೇಳಿದರು. 'ಜಾಗ ನೋಡಿಲ್ಲ. ಮಕ್ಕಳನ್ನ ಅಷ್ಟು ದೂರ ಕಳಿಸಿ, ಕಾಗದ ಬಂತಾ ಸ್ವಾಮಿ ಅಂತ ಕಿಟಕೀಲಿ ನಿಂತ್ಕೊಳ್ಳೋರ ಮುಖ ದಿನಾ ನೋಡ್ತೀನಿ. ಬಂದಿಲ್ಲ ಅಂತ ಹೇಳೋನು ನಾನೇ. ಆ ಕಿಟಕಿ ಆಚೆ ನಾನು ನಿಂತ್ಕೊಳಲ್ಲ.'

ಕಾಲು ನೆಲಕ್ಕೆ ಬಡಿದು ಒಳಗೆ ಬಂದೆ. ಹೋಗಿಯೇ ಹೋಗುತ್ತೇನೆ ಎಂದು ದೇವರ ಮನೆಯಲ್ಲಿ ನಿಂತು ದೇವರಿಗೂ ಹೇಳಿದೆ.

ಗಾಲ್ಫ್ ಸಾಮಾನಿನ ವಿಷಯ ಕೇಳಿ ಅಪ್ಪ ಕೈ ಝಾಡಿಸಿಬಿಟ್ಟರು. 'ಕಾಶಿಯಾತ್ರೆಗೆ ಚೆಂಡಾಟದ ಕೋಲಂತೆ! ನನಗೆ ತಲೆಬುಡ ಗೊತ್ತಿಲ್ಲ. ಅಮ್ಮಾ, ನೀನುಂಟು ನಿನ್ನ ಮೊಮ್ಮಗಳುಂಟು.' ಅಜ್ಜಿ ಎಂದರೆ ಅಪ್ಪನ ಅಮ್ಮ. ಮಾಲೂರಿನವಳು. ನಶ್ಯ ಏರಿಸಿಕೊಂಡು ಹೊರಟಳೆಂದರೆ ಅಮಲ್ದಾರನಿಗೂ ಹೆದರದ ಹೆಂಗಸು. ಬಿ.ಎ. ಓದಿದವರೂ ನಮ್ಮ ಬೀದಿಯಲ್ಲಿ ಇಂಗ್ಲಿಷು ತಡವರಿಸುತ್ತಿದ್ದ ಕಾಲದಲ್ಲಿ ನಾನು ಮೆಟ್ರಿಕ್ ಮುಗಿಸಿದ್ದೆ. ಓದಲು ನಾನು, ಚೌಕಾಸಿಗೆ ಅಜ್ಜಿ. ಇನ್ನೇನು ಬೇಕು!

ಗಣಿಯ ಕಡೆ ಒಬ್ಬ ಸಾಹೇಬ ಊರು ಬಿಟ್ಟು ಹೋಗುತ್ತಿದ್ದಾನೆ, ಬಂಗಲೆಯ ಸಾಮಾನೆಲ್ಲ ಹರಾಜು ಎಂದು ಸುದ್ದಿ ಸಿಕ್ಕಿತು. ಬೆಳಗಿನ ರೈಲು ಹತ್ತಿ ಹೋದೆವು. ಬಂಗಲೆಯ ಅಂಗಳದಲ್ಲಿ ಮಂಚ, ಕುರ್ಚಿ, ಪಿಂಗಾಣಿ ತಟ್ಟೆ, ಒಂದು ಪಿಯಾನೋ, ಎಲ್ಲಾ ಬಿಸಿಲಿಗೆ ಬಿದ್ದಿದ್ದವು. ಒಂದು ಮೂಲೆಯಲ್ಲಿ ಗಾಲ್ಫ್ ಕೋಲುಗಳ ಕಟ್ಟು.

ಗಂಡು ಅಜ್ಜಿಗೆ ಹೇಳಿ ಕಳಿಸಿದ್ದು ಒಂದೇ ಮಾತು: ಕಬ್ಬಿಣದ ಮೂತಿ ಇರುವ ಕೋಲೇ ಬೇಕು, ತೀರಾ ಹೊಸದು ಬೇಡ, ಮರಳಿನಡಿಯ ಕಲ್ಲಿಗೆ ತಾಗಿ ಹೊಸದೆಲ್ಲ ಹಾಳಾಗುತ್ತದೆ. ನಾನು ಒಂದೊಂದನ್ನೇ ಎತ್ತಿ, ಮೂತಿ ಅಲ್ಲಾಡುತ್ತದೆಯಾ, ಹಿಡಿಯ ಚರ್ಮ ಬಿಟ್ಟಿದೆಯಾ ನೋಡಿ ಬೇರೆ ಇಡುತ್ತಾ ಹೋದೆ. ಅಜ್ಜಿಗೆ ಅಷ್ಟು ತಾಳ್ಮೆ ಎಲ್ಲಿ? ಒಂದನ್ನು ಎತ್ತಿಕೊಂಡು ಒನಕೆ ಹಿಡಿದಂತೆ ಹಿಡಿದು, ಬೀಸಿಯೇಬಿಟ್ಟಳು. ನೆಲದ ಮಣ್ಣು ಎದ್ದು ಹರಾಜು ಕೂಗುವವನ ಕೋಟಿನ ಮೇಲೆ ಬಿತ್ತು.

'ಅಜ್ಜೀ, ಅಜ್ಜೀ! ಅದು ದನ ಹೊಡೆಯೋ ಕೋಲಲ್ಲ!' ಎಂದು ಅವನು ಕೂಗಿಕೊಂಡ.

'ಗೊತ್ತು ಕಣಯ್ಯಾ. ದನ ಹೊಡೆಯೋ ಕೋಲು ಮನೇಲೇ ಇದೆ. ಇದು ಮೊಮ್ಮಗಳ ಗಂಡನಿಗೆ.'

ಅಂಗಳವೆಲ್ಲ ಗೊಳ್ಳೆಂದಿತು. ನಾನು ನಾಚಿ ಬಗ್ಗಿದೆ. ಬಗ್ಗಿದಾಗಲೇ ಕಂಡದ್ದು, ಕಟ್ಟಿನ ಅಡಿಯಲ್ಲಿ ಒಂದು ಗಿಡ್ಡ ಕೋಲು. ಹಿಡಿ ಸಣ್ಣದು, ತೂಕ ಕಡಿಮೆ. ಕೈಗೆ ತೆಗೆದುಕೊಂಡರೆ ನನ್ನ ಎತ್ತರಕ್ಕೆ ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು.

'ಇದ್ಯಾಕೆ ಇಷ್ಟು ಗಿಡ್ಡ?' ಎಂದು ಬಂಗಲೆಯ ಅಡುಗೆಯವನನ್ನು ಕೇಳಿದೆ.

'ಅದು ದೊರೆಸಾನಿಯಮ್ಮೋರ್ದು. ದಿನಾ ಆಡ್ತಿದ್ರು. ಇಲ್ಲಿಗೆ ಬರೋಕೆ ಮುಂಚೆ ಪರ್ಶಿಯಾದಲ್ಲಿದ್ರಂತೆ, ಅಲ್ಲೂ ಆಡ್ತಿದ್ರಂತೆ.'

ಅಯ್ಯೋ ನನ್ನಪ್ಪಾ! ನಿಂತಲ್ಲೇ ನೆಗೆಯಬೇಕೆನ್ನಿಸಿತು. ಹೆಂಗಸರು ಇರುವ ಜಾಗವಲ್ಲವಂತೆ! ಇರುವುದೇನು, ಕೋಲು ಹಿಡಿದು ಆಡುತ್ತಾರೆ! ಆ ಗಿಡ್ಡ ಕೋಲನ್ನು ಉಳಿದವುಗಳ ಜೊತೆ ಸೇರಿಸಿದೆ. ಅದು ಯಾರಿಗೆ ಎಂದು ಅಜ್ಜಿ ಕೇಳಲಿಲ್ಲ. ನನ್ನ ಮುಖ ನೋಡಿದಳು, ಒಂದು ಚಿಟಿಕೆ ನಶ್ಯ ಏರಿಸಿದಳು, ಹರಾಜಿನವನ ಕಡೆ ತಿರುಗಿ ಜಗಳಕ್ಕೆ ನಿಂತಳು.

ಪುಸ್ತಕದ ವಿಷಯದಲ್ಲಿ ಮಾತ್ರ ಅಜ್ಜಿಗೂ ನನಗೂ ಜಗಳ ಬಿತ್ತು. ಗಾಲ್ಫಿನ ಪುಸ್ತಕ ಎರಡಿದ್ದವು. ಒಂದು ದಪ್ಪ, ಚಿನ್ನದ ಅಕ್ಷರ, ಒಳಗೆಲ್ಲ ಬಣ್ಣದ ಚಿತ್ರ. ಇನ್ನೊಂದು ಸಣಕಲು, ರಟ್ಟಿಗೆ ಗೆದ್ದಲು ಬಾಯಿ ಹಾಕಿತ್ತು.

'ದಪ್ಪದ್ದು ತಗೊಳ್ಳೇ. ಅಷ್ಟೇ ದುಡ್ಡಿಗೆ ಅಷ್ಟು ಜಾಸ್ತಿ ಪುಸ್ತಕ ಬರುತ್ತೆ.'

'ಅಜ್ಜೀ, ಇದು ತರಕಾರಿ ಅಲ್ಲ!' ದಪ್ಪ ಪುಸ್ತಕವನ್ನು ಅಲ್ಲೇ ತಿರುವಿದೆ. ಹಾಳೆ ಹಾಳೆಗೂ ಹಸಿರು ಹುಲ್ಲು, ಮಳೆ, ಕೊಳ, ದೊಡ್ಡ ಮರ. ನಮ್ಮವರು ಹೋಗುವ ಕಡೆ ಇದನ್ನು ಕೊಟ್ಟರೆ ಉಪವಾಸ ಇರುವವನಿಗೆ ಲಾಡು ಚಿತ್ರ ತೋರಿಸಿದ ಹಾಗೆ. ಸಣಕಲು ಪುಸ್ತಕದಲ್ಲಿ ಬರೀ ಮರಳು. ಗಾಳಿಗೆ ಮರಳು ಹೇಗೆ ಸರಿಯುತ್ತದೆ, ಚೆಂಡನ್ನು ಎಲ್ಲಿ ಇಟ್ಟು ಹೊಡೆಯಬೇಕು, ಬಿಸಿಲಿಗೆ ಏನು ಕುಡಿಯಬೇಕು, ಎಲ್ಲ ಇತ್ತು. ಮಧ್ಯದಲ್ಲಿ ಒಂದು ಫೋಟೋ: ದೊಡ್ಡ ಟೋಪಿ ಹಾಕಿಕೊಂಡ ಮೂವರು ಹೆಂಗಸರು ಮರಳಿನಲ್ಲಿ ಕೋಲು ಊರಿಕೊಂಡು ನಗುತ್ತಾ ನಿಂತಿದ್ದಾರೆ. ಅದನ್ನು ನೋಡಿದ ಮೇಲೆ ಅಜ್ಜಿಯೇ ದಪ್ಪದ್ದನ್ನು ಆಚೆ ತಳ್ಳಿದಳು.

ಆ ಫೋಟೋವನ್ನು ರಾತ್ರಿ ಊಟಕ್ಕೆ ಕೂತ ಅಪ್ಪನ ಎದುರು ಹಿಡಿದೆ. 'ನೋಡಿ ಅಪ್ಪಾ, ಹೆಂಗಸರು!'

ಅಪ್ಪ ಸಾರನ್ನ ಕಲಸುತ್ತಲೇ ನೋಡಿದರು. 'ಅವರು ದೊರೆಸಾನಿಗಳು. ನೀನು ದೊರೆಸಾನಿಯೇನೇ?'

ಕೋಪ ನೆತ್ತಿಗೇರಿತು. ಆದರೆ ಕೋಪದ ಜೊತೆಯಲ್ಲೇ ಒಳಗೊಂದು ಸಂತೋಷ ಕುದಿಯುತ್ತಿತ್ತು. ಇನ್ನೂ ಕೊಳ್ಳುವುದು ಎಷ್ಟೊಂದು ಇತ್ತು!

ಕೋಲುಗಳಿಗೆ ಚೀಲ ಬೇಕಲ್ಲ. ಕೋಲಾರದ ಜಟಕಾ ಸ್ಟ್ಯಾಂಡಿನ ಪಕ್ಕದಲ್ಲಿ ಕುದುರೆಯ ಜೀನು, ಲಗಾಮು ಹೊಲಿಯುವ ಮುಸಲ್ಮಾನ ಸಾಹೇಬರೊಬ್ಬರಿದ್ದರು. ಮೂರು ತಲೆಮಾರಿನಿಂದ ಅದೇ ಕೆಲಸ. ಅವರಿಗೆ ಕೋಲು ತೋರಿಸಿ, ಉದ್ದಕ್ಕೆ ಚರ್ಮದ ಚೀಲ, ಹೆಗಲಿಗೆ ಪಟ್ಟಿ, ಪಕ್ಕದಲ್ಲಿ ಚೆಂಡಿಗೆ ಒಂದು ಜೇಬು ಎಂದು ವಿವರಿಸಿದೆ. ಅಜ್ಜಿ ಪಕ್ಕದಿಂದ, 'ಮದುವೆ ಗಂಡಿಗೆ ಕೊಡೋದು, ಚೆನ್ನಾಗಿರ್ಲಿ' ಎಂದು ಒಂದು ಮಾತು ಸೇರಿಸಿದಳು. ಆ ಒಂದು ಮಾತೇ ಎಡವಟ್ಟಾಯಿತು.

ಹೇಳಿದ ದಿನಕ್ಕೆ ಹೋದೆವು. ಸಾಹೇಬರು ಹೆಮ್ಮೆಯಿಂದ ಚೀಲ ಎತ್ತಿ ಹಿಡಿದರು. ಝಣ್ ಎಂದಿತು. ಬಾಯಿಯ ಸುತ್ತ ಗೆಜ್ಜೆ, ಪಟ್ಟಿಯ ತುಂಬ ಹಿತ್ತಾಳೆಯ ಗುಂಡಿ, ಕೆಳಗೆ ಕೆಂಪು ಕುಚ್ಚು. ಮದುವೆ ಮೆರವಣಿಗೆಯ ಕುದುರೆಗೆ ಏನೇನು ಹಾಕುತ್ತಾರೋ ಎಲ್ಲ ಹಾಕಿದ್ದರು.

'ಇದೇನ್ ಸಾಹೇಬ್ರೇ ಇದು? ಗೆಜ್ಜೆ ಯಾಕೆ?'

'ಶಾದಿ ಮಾಲು ಅಂದ್ರಲ್ಲಮ್ಮಾ! ಖಾಲಿ ಚಮಡಾ ಕೊಟ್ರೆ ನನ್ನ ಇಜ್ಜತ್ ಏನಾಗ್ಬೇಕು?'

'ಆಡೋವಾಗ ಪಕ್ಕದಲ್ಲಿ ಉಸಿರೂ ಬಿಡಬಾರದಂತೆ, ಪುಸ್ತಕದಲ್ಲಿದೆ! ಇದು ಝಲ್ ಝಲ್ ಅಂದ್ರೆ?'

'ಹಂಗಾರೆ ಆಡೋವಾಗ ಬಿಚ್ಚಿಡ್ಲಿ. ಶಾದಿ ದಿನ ಬಾಜಾ ಇಲ್ದೆ ಹೆಂಗಮ್ಮಾ ದೂಲ್ಹಾ ಬರೋದು?'

ಅಜ್ಜಿಗೆ ಚೀಲ ಬಹಳ ಇಷ್ಟವಾಗಿಬಿಟ್ಟಿತ್ತು. ಅದನ್ನು ಹೆಗಲಿಗೆ ಹಾಕಿಕೊಂಡು ಮಾರುಕಟ್ಟೆಯ ನಡುವೆ ಝಣಝಣ ಎನ್ನಿಸಿಕೊಂಡು ನಡೆದಳು. ದಾರಿಯಲ್ಲಿ ಮೋಟಾರು ಸಾಮಾನಿನ ಅಂಗಡಿಯಲ್ಲಿ ಡ್ರೈವರುಗಳು ಹಾಕುವ ದೂಳಿನ ಕನ್ನಡಕ ಸಿಕ್ಕಿತು, ಮರಳಿನ ಗಾಳಿಗೆ ಇರಲಿ ಎಂದು ಕೊಂಡೆ. ಎರಡು ಕೊಂಡೆ. ಎರಡನೆಯದನ್ನು ಅಜ್ಜಿ ಅಲ್ಲೇ ಕಣ್ಣಿಗೆ ಏರಿಸಿದಳು. ಗೆಜ್ಜೆಚೀಲ, ದೂಳಿನ ಕನ್ನಡಕ, ಬೊಚ್ಚುಬಾಯಿ. ನಕ್ಕು ನಕ್ಕು ನನ್ನ ಪಕ್ಕೆ ನೋಯಿತು.

ಇನ್ನು ಚೆಂಡು. ಚೆಂಡೇನೋ ಹರಾಜಿನಲ್ಲಿ ಒಂದು ಡಬ್ಬಿ ಸಿಕ್ಕಿತ್ತು, ಎಲ್ಲ ಬಿಳಿ. ನಮ್ಮ ಸೀಮೆಯ ನೆಲ ನೋಡಿದವರಿಗೆ ಗೊತ್ತು, ಎಲ್ಲಿ ನೋಡಿದರೂ ಬಿಳೀ ಬೆಣಚುಕಲ್ಲು ಹರಡಿಕೊಂಡಿರುತ್ತದೆ. ಅದರ ನಡುವೆ ಬಿಳೀ ಚೆಂಡು ಬಿದ್ದರೆ ಬ್ರಹ್ಮ ಬಂದರೂ ಹುಡುಕಲಾರ. ಪುಸ್ತಕವೂ ಹಾಗೇ ಹೇಳಿತ್ತು, ಕಲ್ಲಿರುವ ಮರಳಿನಲ್ಲಿ ಬಣ್ಣದ ಚೆಂಡು ಒಳ್ಳೆಯದು ಎಂದು. ಜಟಕಾ ಚಕ್ರಕ್ಕೆ ಬಳಿಯುವ ಕೆಂಪು ಬಣ್ಣ ತಂದು ಹಿತ್ತಲಲ್ಲಿ ಕೂತು ಬಳಿದೆ. ಅಂಗೈಯೆಲ್ಲ ಕೆಂಪಾಯಿತು. ಅಮ್ಮ ನೋಡಿ, 'ಮದರಂಗಿ ಹಚ್ಕೋ ಅಂದ್ರೆ ಜಟಕಾ ಬಣ್ಣ ಹಚ್ಕೊಂಡು ಕೂತಿದೀಯಲ್ಲೇ' ಎಂದು ಹಣೆ ಚಚ್ಚಿಕೊಂಡಳು. ಗಟ್ಟಿ ನೆಲದಲ್ಲಿ ಚೆಂಡನ್ನು ಏರಿಸಿಡುವ ಮೊಳೆ ಇಳಿಯುವುದಿಲ್ಲ, ಒಂದು ಚಾಪೆಯ ತುಂಡು ಜೊತೆಗಿಟ್ಟುಕೊಳ್ಳಿ ಎಂದೂ ಪುಸ್ತಕದಲ್ಲಿತ್ತು. ಅಜ್ಜಿ ಊಟದ ಮಣೆ ಕೊಡೋಣವೇ ಎಂದಳು. ನಾನು ಬಾಗಿಲಿನ ತೆಂಗಿನ ನಾರಿನ ಕಾಲೊರೆಸುವ ಚಾಪೆಯನ್ನು ಕತ್ತರಿಸಿದೆ. ಅದಕ್ಕೂ ಬೈಸಿಕೊಂಡೆ.

ತಂದ ಸಾಮಾನು ಸರಿ ಇದೆಯೋ ಇಲ್ಲವೋ ನೋಡದೆ ಕೊಡುವುದು ಹೇಗೆ? ಇದು ನಾನು ಅಮ್ಮನಿಗೆ ಹೇಳಿದ ನೆಪ. ಬೆಳಕು ಹರಿಯುವಾಗ ಅಜ್ಜಿಯನ್ನು ಎಬ್ಬಿಸಿಕೊಂಡು ಊರಾಚೆಯ ಒಣಗಿದ ಕೆರೆಯಂಗಳಕ್ಕೆ ಹೋದೆ. ಸೆರಗು ಬಿಗಿದು, ಚಾಪೆಯ ಮೇಲೆ ಕೆಂಪು ಚೆಂಡಿಟ್ಟು, ಗಿಡ್ಡ ಕೋಲು ಹಿಡಿದು ಬೀಸಿದೆ. ಗಾಳಿ. ಮತ್ತೆ ಬೀಸಿದೆ. ಚಾಪೆ ಹಾರಿತು, ಚೆಂಡು ಅಲ್ಲೇ ಕೂತಿತ್ತು. ಅಜ್ಜಿ ದೂರದಿಂದ, 'ಅದನ್ನ ಬೈದ್ರೆ ಹೋಗುತ್ತೇನೋ ನೋಡೇ' ಎಂದು ಕೂಗಿದಳು. ಹಲ್ಲು ಕಚ್ಚಿ, ಚೆಂಡಿನ ಮೇಲಿಂದ ಕಣ್ಣು ಕೀಳದೆ ಇನ್ನೊಮ್ಮೆ ಹೊಡೆದೆ.

ಠಪ್!

ಆ ಸದ್ದು ಅಂಗೈಯಿಂದ ಭುಜಕ್ಕೆ ಏರಿತು. ಚೆಂಡು ಎದ್ದು, ಬೆಳಗಿನ ಬಿಸಿಲಿನಲ್ಲಿ ಕೆಂಪಗೆ ಹೋಯಿತು, ಹೋಯಿತು, ಹೋಗುತ್ತಲೇ ಇತ್ತು. 'ಅಜ್ಜೀ! ಹೋಯ್ತು ಅಜ್ಜೀ!' ಎಂದು ನಾನು ಕಿರುಚಿದ ಕೂಗಿಗೆ ಕೆರೆಯಂಗಳದ ಕೊಕ್ಕರೆಗಳೆಲ್ಲ ಎದ್ದವು. ಅಜ್ಜಿ ಕೋಲೂರಿಕೊಂಡು ಓಡಿದಳು. ನನ್ನ ಜನ್ಮದಲ್ಲಿ ನನ್ನ ಕೈಯಿಂದ ಯಾವುದೂ ಅಷ್ಟು ದೂರ ಹೋಗಿರಲಿಲ್ಲ. ನಾನೇ ಅಷ್ಟು ದೂರ ಹೋಗಿರಲಿಲ್ಲ.

ಆಮೇಲೆ ಮದುವೆಯವರೆಗೂ ನಮ್ಮಿಬ್ಬರದು ಅದೇ ಕೆಲಸ. ಬೆಳಿಗ್ಗೆ ಕೆರೆಯಂಗಳ, ಮಧ್ಯಾಹ್ನ ಪುಸ್ತಕ. ನಾನು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳುವುದು, ಅಜ್ಜಿ ಪುರಾಣ ಕೇಳುವ ಹಾಗೆ ಗೋಡೆಗೆ ಒರಗಿ ಕೇಳುವುದು. ಮರಳಿನಲ್ಲಿ ನಿಮ್ಮ ಹೆಜ್ಜೆಯ ಗುರುತನ್ನು ನೀವೇ ಅಳಿಸಿ ಹೋಗಿ, ಹಿಂದೆ ಬರುವವರ ಚೆಂಡು ಅದರಲ್ಲಿ ಬಿದ್ದೀತು ಎಂದು ಓದಿದಾಗ, 'ಒಳ್ಳೇ ಆಚಾರದ ಜನ ಕಣೇ' ಎಂದಳು. ಮರಳುಗಾಡಿನಲ್ಲಿ ಒಬ್ಬರೇ ಆಡಲು ಹೋಗಬೇಡಿ, ಚೆಂಡು ಎಲ್ಲಿ ಬಿತ್ತು ಎಂದು ನೋಡಲು ಇನ್ನೊಂದು ಜೊತೆ ಕಣ್ಣು ಬೇಕು ಎಂದು ಓದಿದಾಗ ಮಾತ್ರ ಅಜ್ಜಿ ಗೋಡೆ ಬಿಟ್ಟು ನೆಟ್ಟಗೆ ಕೂತಳು.

'ನಿಮ್ಮಪ್ಪನಿಗೆ ಹೇಳಿ ನೋಡ್ಲೇನೇ?' ಎಂದಳು.

'ಬೇಡ ಅಜ್ಜಿ. ನಿನ್ನ ಮಾತೂ ಅಪ್ಪ ಕೇಳಲ್ಲ. ಆ ಗಿಡ್ಡ ಕೋಲು ನೋಡಿ ಅವರಿಗಾದರೂ ಅರ್ಥ ಆಗ್ಬೇಕು.' ಅವರು ಎಂದರೆ ನನ್ನ ಗಂಡನಾಗುವವರು. ಅಜ್ಜಿಗೆ ತಿಳಿಯಿತು.

ಮದುವೆ ಅಪ್ಪನ ಹುಟ್ಟೂರು ಮುಳಬಾಗಿಲಿನಲ್ಲಿ, ಒಂದು ಛತ್ರದಲ್ಲಿ. ಕಾಶಿಯಾತ್ರೆಯ ಹೊತ್ತಿಗೆ ಮದುಮಗಳು ಒಳಗಿರಬೇಕು. ನಾನೂ ಒಳಗೇ ಇದ್ದೆ, ಕಿಟಕಿಗೆ ಮುಖ ಒತ್ತಿಕೊಂಡು. ಗಂಡು ಕಚ್ಚೆ ಪಂಚೆ, ಪೇಟ, ಕೆನ್ನೆಗೆ ದೃಷ್ಟಿಬೊಟ್ಟು, ಕೈಯಲ್ಲಿ ಛತ್ರಿ. ಅಪ್ಪನ ಹಟಕ್ಕೆ ಒಂದು ಭಗವದ್ಗೀತೆ. ಅಜ್ಜಿ ತಾನೇ ಮುಂದೆ ಬಂದು ಚೀಲವನ್ನು ಹೆಗಲಿಗೆ ಹಾಕಿದಳು. ಝಣ್! ಬೀದಿಗೆ ಬೀದಿಯೇ ನಕ್ಕಿತು.

ಅವರು ನಗಲಿಲ್ಲ. ಮುಹೂರ್ತ, ಪುರೋಹಿತರು ಎಲ್ಲ ಮರೆತು ಬೀದಿಯಲ್ಲೇ ಚೀಲ ಬಿಚ್ಚಿದರು. ಕೆಂಪು ಚೆಂಡು ತೆಗೆದು ಮೇಲಕ್ಕೆಸೆದು ಹಿಡಿದರು. ಸಣಕಲು ಪುಸ್ತಕ ತೆರೆದು, ಹೆಸರು ಓದಿ, 'ಮರಳಿಂದೇ ಸಿಕ್ತಾ!' ಎಂದು ಕೂಗಿದರು. ನಾರಿನ ಚಾಪೆ ತೆಗೆದು ಹೆಬ್ಬೆರಳಲ್ಲಿ ಒತ್ತಿ ತಲೆದೂಗಿದರು. ಒಳಗೆ ನನಗೆ ಕಾಲು ನಿಲ್ಲುತ್ತಿರಲಿಲ್ಲ. ಕೋಲುಗಳನ್ನು ಒಂದೊಂದಾಗಿ ಎತ್ತಿ ನೋಡುತ್ತಾ ಗಿಡ್ಡ ಕೋಲಿಗೆ ಬಂದರು. ಅದನ್ನು ನೆಲಕ್ಕೂರಿದರು. ಆರಡಿ ಆಳು, ಅರ್ಧ ಬಗ್ಗಬೇಕಾಯಿತು.

'ಮಾವ, ಇದು ನನಗೆ ಗಿಡ್ಡ. ಯಾರದು?'

ಅಪ್ಪನಿಗೆ ಏನು ಗೊತ್ತು? ಅಜ್ಜಿಯ ಮುಖ ನೋಡಿದರು. ಅಜ್ಜಿ, 'ಯಾರ ಎತ್ತರಕ್ಕೆ ಸರಿಹೋಗುತ್ತೋ ಅವರದು' ಎಂದು ಬಿಟ್ಟಳು.

ಗಂಡು ತಲೆಯೆತ್ತಿ ಕಿಟಕಿಯ ಕಡೆ ನೋಡಿದರು. ನಾನು ತಲೆ ತಗ್ಗಿಸಲಿಲ್ಲ.

ವಾಲಗ ಶುರುವಾಯಿತು. ಗಂಡು ಹೊರಟರು. ಅಪ್ಪ ಅಡ್ಡ ಬಂದು ಪುರೋಹಿತರು ಹೇಳಿಕೊಟ್ಟಂತೆ ಹೇಳಿದರು. 'ಕಾಶಿಗೆ ಹೋಗಬೇಡಪ್ಪ. ನನ್ನ ಮಗಳನ್ನ ಕೊಡ್ತೀನಿ, ಗೃಹಸ್ಥನಾಗು.' ಅಲ್ಲಿಗೆ ನಿಲ್ಲಿಸಿದರು.

'ಶಾಸ್ತ್ರಿಗಳೇ, ಮಾತು ಇಷ್ಟೇನಾ?' ಎಂದರು ಗಂಡು.

'ಇಲ್ಲಪ್ಪಾ, ಇನ್ನೂ ಒಂದಿದೆ. ಆಮೇಲೆ ದಂಪತಿಗಳಾಗಿ ಹೋಗಿಬನ್ನಿ, ಅಂತ. ಹೇಳಿ ಸ್ವಾಮಿ, ಹೇಳಿ.'

ಅಪ್ಪ ಹೇಳಲಿಲ್ಲ. ಎಲ್ಲರೂ ಬಾಯಿಪಾಠದಲ್ಲಿ ಹೇಳಿ ಮುಗಿಸುವ ಮಾತು ಅದು. ಅಪ್ಪನಿಗೆ ಮನಸ್ಸಿನಲ್ಲಿ ಇಲ್ಲದ್ದು ಬಾಯಿಗೆ ಬರುತ್ತಿರಲಿಲ್ಲ.

ಗಂಡು ತಿರುಗಿ ನಡೆದೇಬಿಟ್ಟರು! ಝಲ್ ಝಲ್ ಝಲ್. 'ಏಯ್, ನಿಲ್ಲೋ! ಹುಚ್ಚು ಹಿಡೀತೇನೋ!' ಎಂದು ಅವರಮ್ಮ ಕೂಗಿದರು. ನಿಲ್ಲಲಿಲ್ಲ. ವಾಲಗದವರಿಗೆ ನಿಲ್ಲಿಸಬೇಕೋ ಬಾರಿಸಬೇಕೋ ತಿಳಿಯದೆ ಬಾರಿಸುತ್ತಲೇ ಹಿಂದೆ ಓಡಿದರು. ಬಾವಿ ದಾಟಿತು, ಹುಣಿಸೇಮರ ದಾಟಿತು, ಶ್ರೀನಿವಾಸಪುರದ ರಸ್ತೆಯ ತಿರುವಿನ ಕಡೆ ಗೆಜ್ಜೆಯ ಸದ್ದು ಸಣ್ಣದಾಗುತ್ತಾ ಹೋಯಿತು. 'ಮುಹೂರ್ತ ಮೀರುತ್ತೆ!' ಎಂದು ಪುರೋಹಿತರು. ನನಗೆ ತಡೆಯಲಾಗಲಿಲ್ಲ. ಬಾಸಿಂಗ ಕಟ್ಟಿಕೊಂಡೇ ಹೊಸ್ತಿಲು ದಾಟಿ ಬೀದಿಗೆ ಬಂದೆ.

ಅಪ್ಪ ನನ್ನನ್ನು ನೋಡಿದರು. ಗದರುತ್ತಾರೆ ಎಂದುಕೊಂಡಿದ್ದೆ.

'ಆ ಕೋಲು ನಿಂದಾ?'

'ಹೂಂ ಅಪ್ಪಾ.'

'ಹೋಗ್ಲೇಬೇಕೇನೇ?'

'ಹೋಗ್ಲೇಬೇಕು.'

ಅಪ್ಪ ಓಡಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಜರಿ ಪಂಚೆಯನ್ನು ಮೊಣಕಾಲಿಗೆ ಎತ್ತಿಕೊಂಡು, ಶಲ್ಯ ಬೀದಿಯಲ್ಲಿ ಬಿದ್ದದ್ದೂ ತಿಳಿಯದೆ ಓಡಿದರು. ನಾನೂ ಹಿಂದೆ ಓಡಿದೆ. ತಿರುವಿನಲ್ಲಿ ಚೀಲದ ಪಟ್ಟಿ ಹಿಡಿದು ನಿಲ್ಲಿಸಿದರು. ಮೇಲುಸಿರು ಬಿಡುತ್ತಾ, ಪುರೋಹಿತರ ಮಾತನ್ನೆಲ್ಲ ಬಿಟ್ಟು ಹುಟ್ಟೂರಿನ ತೆಲುಗಿನಲ್ಲಿ, 'ತೀಸ್ಕೊನಿ ಪೋ ನಾಯನಾ' ಎಂದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಕನ್ನಡದಲ್ಲಿ, 'ಕರ್ಕೊಂಡು ಹೋಗಪ್ಪಾ. ಕರ್ಕೊಂಡೂ ಬರ್ಬೇಕು' ಎಂದರು.

ಅವರು ರಸ್ತೆಯ ದೂಳಿನಲ್ಲೇ ಅಪ್ಪನ ಕಾಲಿಗೆ ಬಿದ್ದರು. 'ಬರ್ತೀನಿ ಮಾವ. ನಾನೇ ಕರ್ಕೊಂಡು ಬಂದು ನಿಮ್ಮ ಮುಂದೆ ನಿಲ್ಲಿಸ್ತೀನಿ.'

ಹೋದೆವು. ಹಡಗು ಹತ್ತಿದಾಗ ನನಗಾದ ಸಂತೋಷವನ್ನು ಈಗ ನೆನೆದರೂ ಮೈ ಝುಮ್ಮೆನ್ನುತ್ತದೆ. ಆ ಮರಳಿನಲ್ಲಿ ನಾನು ಆಡಿದೆ, ಗೆದ್ದೆ, ಸೋತೆ, ಎರಡು ಮಕ್ಕಳನ್ನು ಹೆತ್ತೆ. ಬರುವ ಹೊತ್ತಿಗೆ ಯುದ್ಧ ಶುರುವಾಗಿ ಹಡಗುಗಳೆಲ್ಲ ಸಿಪಾಯಿಗಳ ಪಾಲಾದವು. ಕಾಗದಗಳು ಬಂದರೆ ಬಂದವು, ಇಲ್ಲದಿದ್ದರೆ ಇಲ್ಲ. ಕೊನೆಕೊನೆಗೆ ಬರುವುದೇ ನಿಂತಿತು. ಯುದ್ಧ ಮುಗಿದ ಮೇಲೆ ಸಿಕ್ಕಿದ ಮೊದಲ ಹಡಗಿಗೇ ನಮ್ಮವರು ಹಟ ಹಿಡಿದು ಜಾಗ ಮಾಡಿಸಿದರು. ಬೊಂಬಾಯಿಯಿಂದ ಕೋಲಾರದವರೆಗೆ ರೈಲಿನಲ್ಲಿ ಅವರ ಬಾಯಲ್ಲಿ ಅದೊಂದೇ ಮಾತು, ಮಾವನಿಗೆ ಕೊಟ್ಟ ಮಾತು ಉಳಿಸಿಕೊಂಡೆ ಎಂದು.

ಮನೆಯ ಮುಂದೆ ಜಟಕಾ ನಿಲ್ಲುವುದಕ್ಕೂ ಬಿಡದೆ ಇಳಿದು, ನನ್ನ ಕೈ ಹಿಡಿದು ಜಗಲಿ ಹತ್ತಿಸಿ, ಬಾಗಿಲು ಬಡಿದರು.

'ಮಾವಾ! ಕರ್ಕೊಂಡು ಬಂದಿದೀನಿ, ಬನ್ನಿ!'

ಬಾಗಿಲು ತೆಗೆದವಳು ಅಮ್ಮ. ಅವಳ ಹಣೆಯಲ್ಲಿ ಕುಂಕುಮ ಇರಲಿಲ್ಲ.